ಇಪ್ಪತ್ತರೊಳಗೆ ಇಪ್ಪತ್ತೆಂಟು

“ಬಾಯಿ ತೆಗಿ ಅಂತ ಇದಕ್ಕೆ ಹೇಳೋ ಹಾಗಿಲ್ವಲ್ಲ,” ಎಂದು ಹಲ್ಲಿನ ಡಾಕ್ಟರು ನಗಲು ನೋಡಿದರು. ಯಾರೂ ನಗಲಿಲ್ಲ.

ಅವರ ಮುಂದಿನ ಸ್ಟೀಲ್ ತಟ್ಟೆಯಲ್ಲಿ, ಹತ್ತಿಯುಂಡೆಗಳ ಪಕ್ಕ, ಒಡೆದ ಕೋವಿ ನಳಿಗೆಯ ತುಂಡೊಂದಿತ್ತು. ಗೇಣುದ್ದ. ಒಂದು ತುದಿ ದುಂಡಗಿತ್ತು. ಇನ್ನೊಂದು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಹೊರಕ್ಕೆ ಮಗುಚಿಕೊಂಡಿತ್ತು.

ಎಂಟು ತಿಂಗಳ ಹಿಂದೆ ಶೂಟಿಂಗ್ ಕ್ಲಬ್ಬಿನ ಮೈದಾನದಲ್ಲಿ ಆ ನಳಿಗೆ ಸಿಡಿದು ಕೋವಿ ರಿಪೇರಿಯವನೊಬ್ಬ ಸತ್ತಿದ್ದ. ಅವನು ಮಾಡಿದ ರಿಪೇರಿಯೇ ಕೆಟ್ಟಿತ್ತು ಎಂದು ಬರೆದು ಫೈಲು ಮುಚ್ಚಿದ್ದರು.

ಡಾಕ್ಟರ ಎದುರು ಇಬ್ಬರಿದ್ದರು. ಒಬ್ಬಳು ಸತ್ತವನ ತಂಗಿ. ಕೋವಿಗಳಿಗೆ ಮರದ ಹಿಡಿ ಕೆತ್ತುವುದು ಅವಳ ಕಸುಬು. ಕೈಯಲ್ಲಿರುವ ಉಳಿಯಿಂದಲೋ ಬಾಯಲ್ಲಿರುವ ನಾಲಿಗೆಯಿಂದಲೋ, ಅವಳಿಗೆ ಉಳಿ ಎಂಬ ಹೆಸರೇ ಬಿದ್ದಿತ್ತು. ಇನ್ನೊಬ್ಬರು ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಅಧಿಕಾರಿ. ದೂರದ್ದನ್ನೂ ಬಿಡದೆ ನೋಡುತ್ತಿದ್ದ ಆ ಕಣ್ಣಿಗೆ ಹೆದರಿ ಹಳೇ ಕಳ್ಳರು ಇಟ್ಟ ಹೆಸರು ದುರ್ಬೀನು. ಇಲಾಖೆಯವರೂ ಅದನ್ನೇ ಉಳಿಸಿಕೊಂಡಿದ್ದರು.

“ಪೊಲೀಸರು ಗೋಣಿಚೀಲದಲ್ಲಿ ಹಾಕಿ ವಾಪಸ್ ಕೊಟ್ಟಿದ್ರು, ಅಣ್ಣನ ಸಾಮಾನು ಅಂತ,” ಎಂದಳು ಉಳಿ. “ನೋಡೋಕಾಗದೆ ಅಟ್ಟಕ್ಕೆ ಎಸೆದಿದ್ದೆ. ಮೊನ್ನೆ ಸಾರ್ ಟಾರ್ಚ್ ಬಿಟ್ಟು ನೋಡಿದ್ರು.”

“ಒಳಗೋಡೆಗೆ ಏನೋ ಹಳದಿ ಅಂಟಿದೆ,” ಎಂದರು ದುರ್ಬೀನು. “ನಮ್ಮ ಇಕ್ಕಳ ಅಲ್ಲಿಗೆ ಹೋಗಲ್ಲ. ಹಲ್ಲಿನ ಸಂದಿಯಲ್ಲಿ ಕೆಲಸ ಮಾಡೋ ಕೈ ನಿಮ್ಮದು. ಸ್ವಲ್ಪ ತೆಗೆದುಕೊಡಿ.”

ಡಾಕ್ಟರು ದೀಪ ಬಗ್ಗಿಸಿಕೊಂಡರು. ಹೊರಗೆ ಕೆನ್ನೆ ಊದಿಸಿಕೊಂಡ ಹೆಂಗಸೊಬ್ಬಳು ನರಳುತ್ತ ಕಾಯುತ್ತಿದ್ದಳು. ಒಳಗೆ ಕೊಕ್ಕೆಯ ಸಣ್ಣ ಕೆರೆತ. ಐದು ನಿಮಿಷ, ಹತ್ತು ನಿಮಿಷ. ಕೊನೆಗೆ ಇಕ್ಕಳದ ತುದಿಯಲ್ಲಿ ಒಂದು ಹಿತ್ತಾಳೆ ಬಿಲ್ಲೆ ಹೊರಬಂತು. ಚಪ್ಪಟೆಯಾಗಿ, ಅಂಚು ಹರಿದು, ಮಸಿ ಬಡಿದಿತ್ತು.

ಅವರು ಅದನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದರು. ಓದಿದರು. ಕೈ ಅಲ್ಲೇ ನಿಂತಿತು.

“ಜೋರಾಗಿ ಓದಿ ಡಾಕ್ಟರೇ.”

“ಇಪ್ಪತ್ತೆಂಟು.”

“ಕೋವಿ ಎಷ್ಟರದು?”

“ಇಪ್ಪತ್ತರದು.”

ಕೋವಿಯವರ ಲೆಕ್ಕ ಉಲ್ಟಾ. ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಹನ್ನೆರಡರ ಕೋವಿ ದಪ್ಪ, ಇಪ್ಪತ್ತರದು ಸಣ್ಣ, ಇಪ್ಪತ್ತೆಂಟರದು ಇನ್ನೂ ಸಣ್ಣ. ಇಪ್ಪತ್ತೆಂಟರ ತೋಟಾ ಇಪ್ಪತ್ತರ ನಳಿಗೆಗೆ ಹಾಕಿದರೆ ಬುಡದಲ್ಲಿ ನಿಲ್ಲುವುದಿಲ್ಲ. ಒಳಕ್ಕೆ ಜಾರಿ, ನಳಿಗೆ ಕಿರಿದಾಗುವಲ್ಲಿ ಬಿರಡೆಯಂತೆ ಕೂರುತ್ತದೆ. ಅದರ ಹಿಂದೆ ಸರಿಯಾದ ತೋಟಾ ಇಟ್ಟು ಮುಚ್ಚಿದರೆ ನೋಡಿದವರಿಗೆ ಏನೂ ಕಾಣದು. ಟ್ರಿಗರ್ ಎಳೆದಾಗ ಕಾಣುತ್ತದೆ.

ಎಡಗೈ ಹಿಡಿಯುವುದು ಸರಿಯಾಗಿ ಆ ಜಾಗದಲ್ಲೇ.

“ಕ್ಲಬ್ಬಿಗೆ ಇಪ್ಪತ್ತೆಂಟರ ಕೋವಿ ಹಿಡಿದು ಬರೋರು ಒಬ್ಬರೇ,” ಎಂದಳು ಉಳಿ. ದನಿ ಏರಲಿಲ್ಲ. “ಅವರ ಕೈಯಿಂದಲೇ ಇದನ್ನ ಕೀಳಿಸೋಣ ಅಂದ್ರು ಸಾರ್.”

ಡಾಕ್ಟರು ತಾವು ರೋಗಿಗಳನ್ನು ಕೂರಿಸುವ ಕುರ್ಚಿಯಲ್ಲೇ ಕುಸಿದು ಕೂತರು.

“ನನ್ನದಲ್ಲಮ್ಮ. ನಾನು ಬಳಸೋದು ಅಂಗಡಿ ಪ್ಲಾಸ್ಟಿಕ್ ತೋಟಾ, ಅದರ ಬುಡ ಕಬ್ಬಿಣದ್ದು. ಇದು ಹಳೇ ಕಾಲದ ಕಾಗದದ ತೋಟಾದ ಹಿತ್ತಾಳೆ.”

“ಅದು ನನಗೂ ಗೊತ್ತು,” ಎಂದರು ದುರ್ಬೀನು. “ಆದರೆ ಠಾಣೆಯ ಪೊಲೀಸರಿಗೆ ಗೊತ್ತಿಲ್ಲ. ಅವತ್ತು ಸತ್ತವನಿಗೆ ತೋಟಾ ತುಂಬಿಕೊಟ್ಟೋರು ಯಾರು?”

“ಅವನೇ ತುಂಬಿಕೊಂಡ ಅಂತ ಎಲ್ಲರೂ ಹೇಳಿಕೆ…”

“ಹೇಳಿಕೆ ನಾನು ಓದಿದ್ದೀನಿ. ನಿಮ್ಮದು, ಕ್ಲಬ್ಬಿನ ಕಾರ್ಯದರ್ಶಿದು, ಎಲ್ಲಾ ಒಂದೇ ಅಕ್ಷರ, ಒಂದೇ ಪೂರ್ಣವಿರಾಮ. ನಾಲ್ಕು ಜನ ಒಂದೇ ಥರ ನೆನಪಿಟ್ಕೊಂಡಿದ್ದನ್ನ ನಾನು ಮೂವತ್ತು ವರ್ಷದ ನೌಕರಿಯಲ್ಲಿ ನೋಡಿಲ್ಲ.”

ಹೊರಗಿನ ಹೆಂಗಸು ಮತ್ತೆ ನರಳಿದಳು.

“ಯಜಮಾನರು,” ಎಂದರು ಡಾಕ್ಟರು, ಗೋಡೆಗೆ ಹೇಳುವಂತೆ. “ಅವರೇ ತುಂಬಿಕೊಟ್ಟರು. ಸತ್ತವನು ಹೇಗೂ ಸತ್ತ, ನನ್ನನ್ನ ಸುಮ್ಮನೆ ಯಾಕೆ ಎಳೀತೀರಿ, ಅವನೇ ತುಂಬಿಕೊಂಡ ಅಂದುಬಿಡಿ ಅಂದ್ರು. ಕ್ಲಬ್ಬು ಅವರದು. ಮೈದಾನ ಅವರದು.”

ಉಳಿ ಹಿತ್ತಾಳೆ ಬಿಲ್ಲೆಯನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡಳು. ಎಂಟು ತಿಂಗಳು ಅವಳ ಹೊಟ್ಟೆಯಲ್ಲಿ ಬೂದಿ ಮುಚ್ಚಿ ಕೂತಿದ್ದ ಕೆಂಡಕ್ಕೆ ಈಗ ಒಂದು ಮುಖ ಸಿಕ್ಕಿತ್ತು.

*

ಊರಿನವರು ಅವರನ್ನು ಉದ್ದನಳಿಗೆ ಯಜಮಾನರು ಎನ್ನುತ್ತಿದ್ದರು. ಎದುರಿಗೆ ಮಾತ್ರ ಬರೀ ಯಜಮಾನರು.

ಅವರ ಕೋವಿ ಕೋಣೆ ಮನೆಯ ಮಹಡಿಯಲ್ಲಿತ್ತು. ಮೂರು ಗೋಡೆಗೂ ಗಾಜಿನ ಬೀರು, ನಾಲ್ಕನೆಯದಕ್ಕೆ ಎತ್ತರದ ಕಿಟಕಿ. ಬೀರುಗಳೊಳಗೆ ಹಸಿರು ಬಟ್ಟೆಯ ಮೇಲೆ ಮೂವತ್ತೊಂದು ಜೋಡಿನಳಿಗೆ ಕೋವಿಗಳು. ಒಂದೂ ಇಪ್ಪತ್ತರ ಅಳತೆಗಿಂತ ದಪ್ಪವಿಲ್ಲ, ಒಂದರ ನಳಿಗೆಯೂ ಮೂವತ್ತು ಇಂಚಿಗಿಂತ ಮೋಟಿಲ್ಲ. ಎಲ್ಲವೂ ಅವರ ಅಜ್ಜನ ಕಾಲದವು. ಅಗಸೆ ಎಣ್ಣೆ, ಹಳೇ ಚರ್ಮ, ಗ್ರೀಸು ಬೆರೆತ ವಾಸನೆ.

ಉಳಿಗೆ ಆ ಕೋಣೆ ಹೊಸದು. ಅವಳ ಮನೆಯ ಗಂಡಸರು ಬಂದುಹೋಗುತ್ತಿದ್ದ ಜಾಗ ಅದು. ಈಗ ಅವಳಿಗೂ ಒಂದು ನೆಪವಿತ್ತು. ಸಿಡಿದ ಕೋವಿಗೆ ಒಂದು ಅವಳಿ ಇತ್ತು; ಒಂದೇ ಕೈಯ ಕೆಲಸ, ನಳಿಗೆ ಮೂವತ್ತೆರಡು ಇಂಚು, ನೆತ್ತಿಯಲ್ಲಿ ಚಿನ್ನದ ತಂತಿಯಿಂದ ಕೂರಿಸಿದ ಎರಡು ಎಂಬ ಅಂಕಿ. ಅದರ ಮರದ ಹಿಡಿ ಸೀಳಿತ್ತು. ಹೊಸದನ್ನು ಕೆತ್ತಿಕೊಡಲು ಯಜಮಾನರೇ ಹೇಳಿಕಳಿಸಿದ್ದರು. ಅಣ್ಣನನ್ನು ಕೊಂದ ಕೋವಿಯ ಜೋಡಿಗೆ ತಂಗಿ ಹಿಡಿ ಕೆತ್ತುತ್ತಾಳೆಯೇ ಎಂದು ಕ್ಲಬ್ಬಿನಲ್ಲಿ ಆಡಿಕೊಂಡರು. ಉಳಿ ಕೆತ್ತಿದಳು, ಒಂದೂವರೆ ತಿಂಗಳು, ಕೂದಲೆಳೆಯಷ್ಟು ಗೆರೆಯೂ ತಪ್ಪದ ಹಾಗೆ.

ಅವಳು ಕಿಟಕಿಯ ಬಳಿಯ ಮೇಜಿನಲ್ಲಿ ಹಿಡಿಯನ್ನು ಕೂರಿಸಿ ಸ್ಕ್ರೂ ಬಿಗಿಯುತ್ತಿದ್ದಳು. ಯಜಮಾನರು ಆರಾಮಕುರ್ಚಿಯಲ್ಲಿದ್ದರು. ಅರವತ್ತೈದರ ಮೇಲಾದರೂ ಬೆನ್ನು ನೆಟ್ಟಗಿತ್ತು. ದುರ್ಬೀನು ಬೀರುವಿನಿಂದ ಬೀರುವಿಗೆ, ಸಂತೆಗೆ ಬಂದವರಂತೆ ಬಾಯಿ ಕಳೆದುಕೊಂಡು ನಡೆಯುತ್ತಿದ್ದರು.

“ಅಲ್ಲ ಯಜಮಾನರೇ, ಇಷ್ಟು ಸಣ್ಣ ಕೋವಿಗೆ ಇಷ್ಟುದ್ದ ನಳಿಗೆ ಯಾತಕ್ಕೆ?”

ಆ ಪ್ರಶ್ನೆ ಕೇಳಿದವರನ್ನು ಯಜಮಾನರು ಎಂದೂ ಬರಿಗೈಲಿ ಕಳಿಸಿದವರಲ್ಲ.

“ಸಣ್ಣ ಕೋವಿ ಹಗುರ. ಕೈಯಲ್ಲಿ ಗುಬ್ಬಿ ಥರ ಹಾರಾಡುತ್ತೆ. ಹಕ್ಕಿ ಹಿಂದೆ ಬೀಸಿದ್ರೆ ಮಧ್ಯದಲ್ಲೇ ನಿಂತುಬಿಡುತ್ತೆ. ಮುಂದೆ ಉದ್ದ ನಳಿಗೆ ಇದ್ದರೆ ತೂಕ ಎಳ್ಕೊಂಡು ಹೋಗುತ್ತೆ, ಬೀಸು ನಿಲ್ಲಲ್ಲ. ಸಣ್ಣವನಿಗೆ ಬುದ್ಧಿ ಹೇಳೋಕೆ ದೊಡ್ಡವನೊಬ್ಬ ಮುಂದಿರಬೇಕು ನೋಡಿ, ಹಾಗೆ.”

“ಕಣ್ಣು ಮುಚ್ಚಿಕೊಂಡೇ ಕೋವಿ ಗುರುತಿಸ್ತೀರಂತೆ. ತೋಟಾನೂ ಹಾಗೇನಾ?”

“ತೋಟಾದಲ್ಲೇನಿದೆ? ಮಕ್ಕಳಾಟ.”

ದುರ್ಬೀನು ಜೇಬಿನಿಂದ ಮುಷ್ಟಿ ತೆಗೆದು ಅವರ ಅಂಗೈಗೆ ಒಂದು ತೋಟಾ ಹಾಕಿದರು. ಯಜಮಾನರು ಕಿಟಕಿಯಾಚೆ ನೋಡುತ್ತಲೇ ಹೆಬ್ಬೆರಳಲ್ಲಿ ಒಮ್ಮೆ ಉರುಳಿಸಿದರು.

“ಇಪ್ಪತ್ತು.”

ಇನ್ನೊಂದು.

“ಹದಿನಾರು. ಇದನ್ನ ಎಲ್ಲಿಂದ ತಂದ್ರಿ, ಈಗೆಲ್ಲ ಸಿಗಲ್ಲ.”

ಮತ್ತೊಂದು. ಅದು ಅಂಗೈಯಲ್ಲಿ ಪೂರಾ ಕೂರುವ ಮೊದಲೇ ಉತ್ತರ ಬಂತು.

“ಇಪ್ಪತ್ತೆಂಟು. ಮುಟ್ಟೋದೂ ಬೇಡ, ತೂಕದಲ್ಲೇ ಗೊತ್ತಾಗುತ್ತೆ.”

ಉಳಿಯ ಸ್ಕ್ರೂಡ್ರೈವರ್ ನಿಂತಿತು.

ದುರ್ಬೀನು ಸ್ಟೂಲೊಂದನ್ನು ಎಳೆದುಕೊಂಡು ಯಜಮಾನರ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು.

“ಹಾಗಾದ್ರೆ ಅವತ್ತು ಮೈದಾನದಲ್ಲೂ ಗೊತ್ತಾಗಿರಬೇಕಲ್ಲ?”

“ಯಾವತ್ತು?”

“ಇವಳ ಅಣ್ಣನಿಗೆ ನೀವು ತುಂಬಿಕೊಟ್ಟ ದಿನ.”

“ನಾನೆಲ್ಲಿ…”

“ಹಲ್ಲಿನ ಡಾಕ್ಟರು ಎಲ್ಲಾ ಹೇಳಾಯ್ತು. ನಳಿಗೆಯೊಳಗಿಂದ ಇಪ್ಪತ್ತೆಂಟರ ಬಿಲ್ಲೆ ಅವರೇ ಕಿತ್ತರು. ಬೇರೆ ಯಾರಾದ್ರೂ ತುಂಬಿದ್ರೆ ಪಾಪ, ಗೊತ್ತಾಗದೆ ಕೈತಪ್ಪಿ ಹಾಕಿದ ಅಂತ ನಾನೇ ಅನ್ತಿದ್ದೆ. ನಿಮ್ಮ ಬೆರಳಿಗೆ ಹಾಗೆ ಹೇಳೋಕೆ ಬಾಯಿ ಬರಲ್ಲ.”

ಯಜಮಾನರ ಅಂಗೈ ತಾನೇ ತಾನಾಗಿ ಮುಚ್ಚಿಕೊಂಡಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಆದರೆ ಆ ಮುಖದಲ್ಲಿ ಹೆದರಿಕೆ ಹುಡುಕಿದ ದುರ್ಬೀನಿಗೆ ಅದು ಸಿಗಲಿಲ್ಲ.

ಟಕ್ ಎಂದು ಸಣ್ಣ ಸದ್ದಾಯಿತು. ಕೋವಿ ಮುಚ್ಚಿದ ಸದ್ದು.

ಇಬ್ಬರೂ ತಿರುಗಿದರು. ಉಳಿ ಎದ್ದು ನಿಂತಿದ್ದಳು. ಹೊಸ ಹಿಡಿ ಅವಳ ಭುಜಕ್ಕೆ ಒತ್ತಿಕೊಂಡಿತ್ತು. ಎರಡು ಸಣ್ಣ ಕಪ್ಪು ತೂತುಗಳು ಯಜಮಾನರ ಎದೆಯನ್ನು ನೋಡುತ್ತಿದ್ದವು. ಆ ಹಿಡಿಯನ್ನು ಅವಳು ಗಿರಾಕಿಯ ತೋಳಿನ ಅಳತೆಗೆ ಕೆತ್ತಿರಲಿಲ್ಲ. ತನ್ನ ತೋಳಿಗೆ ಕೆತ್ತಿಕೊಂಡಿದ್ದಳು.

“ತುಂಬಿದೀಯಾ?” ಎಂದರು ದುರ್ಬೀನು ಮೆಲ್ಲಗೆ.

“ಎರಡೂ ನಳಿಗೆ. ಇಪ್ಪತ್ತಕ್ಕೆ ಇಪ್ಪತ್ತೇ ಹಾಕಿದೀನಿ ಸಾರ್. ನಮ್ಮ ಮನೇಲಿ ಅಳತೆ ತಪ್ಪಲ್ಲ.”

“ಇದು ನಮ್ಮ ಮಾತಿನಲ್ಲಿ ಇರಲಿಲ್ಲ ತಂಗಿ.”

“ನಿಮ್ಮ ಮಾತು ನಿಮ್ಮದಾಯ್ತು.” ಅವಳು ಯಜಮಾನರ ಕಡೆಯಿಂದ ಕಣ್ಣು ತೆಗೆಯಲಿಲ್ಲ. “ಮೂರು ದಿನ ಬದುಕಿದ್ದ ನಮ್ಮಣ್ಣ. ಎಡಗೈ ಇಲ್ಲ, ಅರ್ಧ ಮುಖ ಇಲ್ಲ. ನೀರು ಕೇಳೋಕೂ ಬಾಯಿರಲಿಲ್ಲ. ಹತ್ತಿಯಲ್ಲಿ ಅದ್ದಿ ಅದ್ದಿ ತುಟಿಗೆ ಒತ್ತುತ್ತಿದ್ದೆ. ಕೆಟ್ಟ ಕೆಲಸಗಾರ ಅಂತ ಬರೆಸಿದ್ರಲ್ಲ ನೀವು. ಅವನು ಮುಟ್ಟಿದ ಕಬ್ಬಿಣ ಯಾವತ್ತಾದರೂ ಸುಳ್ಳು ಹೇಳಿತ್ತಾ?”

“ಇಲ್ಲ,” ಎಂದರು ಯಜಮಾನರು. “ಅವನಂಥ ಕೆಲಸಗಾರನನ್ನ ನಾನು ನೋಡಿಲ್ಲ.”

“ಮತ್ತೆ ಯಾಕೆ ಕೊಂದ್ರಿ?”

“ಬಲಗಡೆ ಕೆಳಗಿನ ಡ್ರಾಯರ್ ತೆಗೀರಿ,” ಎಂದು ಅವರು ದುರ್ಬೀನಿಗೆ ಹೇಳಿದರು. “ಬೀಗ ಇಲ್ಲ. ಅವತ್ತು ನಾನು ಯಾವುದರಿಂದ ತೆಗೆದು ತುಂಬಿದ್ನೋ ಆ ಚೀಲ ಅಲ್ಲಿದೆ. ಅದನ್ನ ನೋಡಿ ಆಮೇಲೆ ಹೊಡಿ ಅನ್ನಿ ಅವಳಿಗೆ. ನಾನೆಲ್ಲೂ ಓಡಲ್ಲ.”

ದುರ್ಬೀನು ಉಳಿಯ ಮುಖ ನೋಡಿದರು. ಅವಳು ತಲೆಯಾಡಿಸಿದಳು.

ಡ್ರಾಯರಿನಿಂದ ಚರ್ಮದ ತೋಟಾ ಚೀಲವೊಂದು ಬಂತು. ಅಣ್ಣನ ಚೀಲ, ಪಟ್ಟಿ ಹರಿದಲ್ಲಿ ಅತ್ತಿಗೆ ಹಾಕಿದ್ದ ನೀಲಿ ಹೊಲಿಗೆ ಹಾಗೇ ಇತ್ತು. ದುರ್ಬೀನು ಅದನ್ನು ಮೇಜಿನ ಮೇಲೆ ಸುರಿದರು. ಕಾಗದದ ತೋಟಾಗಳು, ಎಲ್ಲವೂ ಒಂದೇ ಮಾಸಿದ ಕೆಂಪು. ಸಾಲಾಗಿ ನಿಲ್ಲಿಸಿದಾಗ ಮೂರು ಉಳಿದವಕ್ಕಿಂತ ತೆಳ್ಳಗಿದ್ದವು.

“ಇಪ್ಪತ್ತೆಂಟರವು,” ಎಂದರು ಯಜಮಾನರು. “ನಾಲ್ಕಿದ್ದವು. ಒಂದು ಖರ್ಚಾಯ್ತು. ತಲೆ ಮೇಲಿನ ಬಿಲ್ಲೆ ಓದು ಹುಡುಗಿ.”

ಕೈಯಿಂದ ತುಂಬಿದ ತೋಟಾಗಳಲ್ಲಿ ಚರೆ ಎಂಬ ಸೀಸದ ಕಾಳುಗಳ ಮೇಲೆ ಒಂದು ರಟ್ಟಿನ ಬಿಲ್ಲೆ ಇಟ್ಟು ಅಂಚು ಮಡಚುತ್ತಾರೆ. ಬಿಲ್ಲೆಯ ಮೇಲೆ ಚರೆಯ ನಂಬರನ್ನು ಮಸಿಯಲ್ಲಿ ಬರೆಯುವುದು ವಾಡಿಕೆ. ಉಳಿ ಕೋವಿ ಇಳಿಸದೆಯೇ ಎರಡು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡಿದಳು.

ಮೂರು ತೆಳ್ಳನೆಯ ತೋಟಾಗಳ ನೆತ್ತಿಯಲ್ಲೂ ಆರು ಎಂಬ ಅಂಕಿ. ಹೊಟ್ಟೆ ದುಂಡಗೆ, ಬಾಲಕ್ಕೊಂದು ಪುಟ್ಟ ಸುರುಳಿ.

ಅವಳಿಗೆ ಐದು ವರ್ಷವಾಗಿದ್ದಾಗ, ಅಂಗಡಿಯ ಕಲ್ಲುಕಟ್ಟೆಯ ಮೇಲೆ, ಅವಳ ಬೆರಳನ್ನು ತನ್ನ ಬೆರಳೊಳಗೆ ಹಿಡಿದು ಹಾಗೆ ಸುರುಳಿ ಹಾಕಿಸುತ್ತಿದ್ದುದು ಒಂದೇ ಕೈ. ಅವಳೂ ಇವತ್ತಿಗೂ ಆರನ್ನು ಹಾಗೇ ಬರೆಯುತ್ತಿದ್ದಳು. ಲೋಕದಲ್ಲಿ ಆ ಆರನ್ನು ಬರೆಯುವವರು ಇಬ್ಬರೇ.

“ಅಣ್ಣ,” ಎಂದಳು. ಯಾರಿಗೂ ಹೇಳಿದ್ದಲ್ಲ.

“ಅವತ್ತು ಹೊಡೀಬೇಕಾಗಿದ್ದೋನು ನಾನು,” ಎಂದರು ಯಜಮಾನರು. “ಅವನು ಹಿಂದೆ ನಿಂತು ತುಂಬಿಕೊಡೋದು ಅಂತಿತ್ತು. ಜೋಡಿ ಕೋವಿ ಆಟವೇ ಹಾಗೆ, ಒಂದು ಹೊಡೀತಿರುವಾಗ ಇನ್ನೊಂದು ತುಂಬ್ತಿರಬೇಕು. ಮೈದಾನ ತುಂಬ ಜನ. ವರ್ಷವಿಡೀ ಕೂತು ರಿಪೇರಿ ಮಾಡಿದೋನು ಇವನು, ಗುರಿಗೆ ಹಾರಿಸೋ ಮಣ್ಣಿನ ಬಿಲ್ಲೆ ಮೊದಲು ಇವನೇ ಹೊಡೀಲಿ, ನಾನು ತುಂಬಿಕೊಡ್ತೀನಿ ಅಂದೆ. ದೊಡ್ಡಸ್ತಿಕೆಗೆ ಅಂದಿದ್ದು, ಬೇರೇನಿಲ್ಲ. ಜನ ಚಪ್ಪಾಳೆ ತಟ್ಟಿದ್ರು. ಚೀಲ ಅವನ ಹೆಗಲಿಂದ ತಗೊಂಡೆ. ಬೇಡ ಯಜಮಾನರೇ ಅಂದ. ಮುಖದಲ್ಲಿ ರಕ್ತ ಇರಲಿಲ್ಲ. ಸಂಕೋಚ ಅಂದ್ಕೊಂಡೆ.”

ಅವರು ಮುಚ್ಚಿದ ಅಂಗೈ ತೆರೆದರು. ದುರ್ಬೀನು ಕೊಟ್ಟಿದ್ದ ತೋಟಾ ಬೆವರಿನಿಂದ ಒದ್ದೆಯಾಗಿತ್ತು.

“ಎರಡನೇ ಸಲ ಕೈ ಹಾಕಿದಾಗ ಇಪ್ಪತ್ತೆಂಟು ಬೆರಳಿಗೆ ಸಿಕ್ತು. ಸಿಕ್ಕಿದ ಕೂಡಲೇ ಗೊತ್ತಾಯ್ತು. ಇದು ಯಾರು ಇಟ್ಟಿದ್ದು, ಯಾರಿಗೆ ಇಟ್ಟಿದ್ದು, ಅದೂ ಗೊತ್ತಾಯ್ತು. ಅವನು ನನ್ನ ಕಡೆ ಬೆನ್ನು ಮಾಡಿಕೊಂಡು ನಿಂತಿದ್ದ.”

“ಎಸೀಬಹುದಾಗಿತ್ತು,” ಎಂದರು ದುರ್ಬೀನು.

“ಎಸೀಬಹುದಾಗಿತ್ತು. ನನ್ನ ಅನ್ನ ತಿಂದು ನನಗೇ ಗುಂಡಿ ತೋಡಿದ್ದ. ತೋಡಿದೋನನ್ನೇ ಅದರೊಳಗೆ ಇಳಿಸಿದೆ. ನಳಿಗೆಗೆ ಹಾಕಿದೆ, ಜಾರ್ತು. ಹಿಂದೆ ಇಪ್ಪತ್ತು ಇಟ್ಟೆ, ಮುಚ್ಚಿದೆ, ಕೊಟ್ಟೆ. ಅವನು ತೆರೆದು ನೋಡಿದ. ಎರಡು ಸರಿಯಾದ ಬುಡ ಕಂಡವು. ಬಿಲ್ಲೆ ಹಾರಿಸಿ ಅಂದ.” ಅವರು ದುರ್ಬೀನಿನ ಕಡೆ ತಿರುಗಿದರು. “ಬೇಕಾದ್ರೆ ಬರ್ಕೊಳ್ಳಿ. ಕೋರ್ಟಲ್ಲಿ ನಾನು ಹೀಗೆ ಹೇಳಲ್ಲ. ಎದೆಗೆ ಕೋವಿ ಹಿಡಿದು ಹೇಳಿಸಿದ್ದು ಅನ್ತೀನಿ. ನಿಜವೂ ಅದೇ.”

ಉಳಿಯ ಬೆರಳು ಮುಂದಿನ ಟ್ರಿಗರಿನ ಮೇಲಿತ್ತು. ಆ ಟ್ರಿಗರನ್ನು ಹಕ್ಕಿಯ ಉಸಿರಿಗೂ ಬೀಳುವ ಹಾಗೆ ಹದ ಮಾಡಿದ್ದು ಅಣ್ಣನೇ. ಇಷ್ಟು ತಿಂಗಳು ಅವಳು ಹಂಬಲಿಸಿದ ಮಾತು, ನಾನೇ ಕೊಂದೆ ಎಂಬ ಮಾತು, ಈಗ ಕಿವಿಗೆ ಬಿದ್ದಿತ್ತು. ಎಳೆದುಬಿಡಬೇಕಿತ್ತು. ಆದರೆ ಮೇಜಿನ ಮೇಲೆ ಮೂರು ಆರುಗಳು ಅವಳನ್ನೇ ನೋಡುತ್ತಿದ್ದವು.

“ನಮ್ಮಣ್ಣ ಇರುವೆ ತುಳಿದ್ರೂ ಕಾಲೆತ್ತಿ ನೋಡ್ತಿದ್ದೋನು,” ಎಂದಳು. ದನಿಯಲ್ಲಿದ್ದ ‘ನೀವು’ ಬಿದ್ದುಹೋಗಿತ್ತು. “ಅಂಥೋನು ನಿನ್ನನ್ನ ಕೊಲ್ಲೋಕೆ ಕೂತು ನಾಲ್ಕು ತೋಟಾ ತುಂಬಿದ ಅಂದ್ರೆ, ನೀನು ಏನು ಮಾಡಿದ್ದೆ ಅವನಿಗೆ?”

“ಅವನಿಗೆ ಏನೂ ಮಾಡಿಲ್ಲ.”

“ಸುಳ್ಳು.”

“ನಿಮ್ಮಪ್ಪ ಎಲ್ಲಿ ಸತ್ತ?”

“ಅಂಗಡಿಯಲ್ಲಿ. ಎದೆನೋವಿಂದ. ನನಗೆ ಹನ್ನೊಂದು ವರ್ಷ.”

“ಯಾರು ಹೇಳಿದ್ದು?”

“ಅಣ್ಣ.”

“ಹೆಣ ನೋಡಿದ್ಯಾ?”

“ಮುಖ ತೋರಿಸಿದ್ರು. ಮೈಮೇಲೆ ಬಟ್ಟೆ ಹೊದಿಸಿತ್ತು.”

“ಯಜಮಾನರೇ, ಸಾಕು,” ಎಂದರು ದುರ್ಬೀನು.

ಆ ಮಾತು ಬಂದ ರೀತಿಗೆ ಉಳಿ ಬೆಚ್ಚಿದಳು. ಇಷ್ಟು ಹೊತ್ತೂ ಬೆಣ್ಣೆಯಿಂದ ಕೂದಲೆಳೆದ ಹಾಗೆ ಮಾತಾಡುತ್ತಿದ್ದವರು ಈಗ ಗದರಿದ್ದರು.

“ನೀವೇ ತಾನೇ ಬಾಯಿ ಬಿಡಿಸಿದ್ದು,” ಎಂದರು ಯಜಮಾನರು. ಈಗ ಮೊದಲ ಸಲ ಅವರು ನಕ್ಕರು. “ನಿಮ್ಮಪ್ಪ ಅಂಗಡಿಯಲ್ಲಿ ಸಾಯಲಿಲ್ಲಮ್ಮ. ಈ ಕೋಣೆಯಲ್ಲಿ, ಈಗ ನೀನು ನಿಂತಿದ್ದೀಯಲ್ಲ, ಅಲ್ಲಿ. ಸೊಂಟದ ಮೇಲೆ ನನ್ನ ಕೋವಿಯ ಚರೆ ಬಿದ್ದಿತ್ತು. ಸಂಜೆಯೊಳಗೆ ಹೆಣ ಅಂಗಡಿ ಸೇರ್ತು, ಎದೆನೋವು ಅಂತ ಕಾಗದವೂ ಆಯ್ತು. ನಿಮ್ಮಣ್ಣನಿಗೆ ಅವಾಗ ಹತ್ತೊಂಬತ್ತು. ತಂಗಿ ಬದುಕಬೇಕಾ ಅಂತ ಕೇಳಿದ್ರು, ಬಾಯಿ ಮುಚ್ಕೊಂಡ. ಹೆಣದ ಕಾಲು ಹಿಡಿದು ಮೆಟ್ಟಿಲು ಇಳಿಸಿದ್ದು ಅವನೇ.”

“ಕೇಳಿದ್ರು ಅಂದ್ಯಲ್ಲ. ಯಾರು?”

“ತಲೆ ಹಿಡಿದು ಇಳಿಸಿದೋರು. ಕಾಗದ ಬರೆದೋರು. ಆಗಿನ್ನೂ ಖಾಕಿ ಹೊಸದು ಅವರಿಗೆ.”

ಯಜಮಾನರು ಬೆರಳು ತೋರಿಸಲಿಲ್ಲ. ತೋರಿಸುವ ಅಗತ್ಯವಿರಲಿಲ್ಲ. ದುರ್ಬೀನು ಸ್ಟೂಲಿನಿಂದ ಎದ್ದು, ಬಾಗಿಲಿನ ಕಡೆಗೆ ಒಂದೇ ಒಂದು ಹೆಜ್ಜೆ ಹಿಂದೆ ಸರಿದಿದ್ದರು.

“ತಂಗಿ,” ಎಂದರು ಅವರು. “ಮೊದಲು ನಾನು ಹೇಳೋದು ಕೇಳು.”

ಉಳಿ ತಿರುಗಿದಳು. ಮೂವತ್ತೆರಡು ಇಂಚಿನ ನಳಿಗೆಯೂ, ಎಲ್ಲೂ ತಡೆಯದೆ, ಅವಳ ಜೊತೆ ತಿರುಗಿತು.